ನಲವತ್ತೈದನೆಯ ಸಾಲು

ಲಾಗ್‌ಬುಕ್ಕನ್ನು ಅವನು ಮೊದಲು ಕೈಚೀಲದಲ್ಲಿಟ್ಟ. ಆಮೇಲೆ ತೆಗೆದು ಕಪಾಟಿನ ಬಟ್ಟೆಗಳ ಕೆಳಗೆ ತುರುಕಿದ. ಷೂ ಹಾಕಿಕೊಂಡ ಮೇಲೆ ಮತ್ತೆ ಒಳಗೆ ಹೋಗಿ ಅದನ್ನು ಹೊರಗೆ ತಂದು, ಬನಿಯನ್ನಿಗೂ ಅಂಗಿಗೂ ನಡುವೆ ಹೊಟ್ಟೆಗೆ ಒತ್ತಿಕೊಂಡು ಬೆಲ್ಟು ಬಿಗಿದ. ಅಡುಗೆಮನೆಯಿಂದ ಹೆಂಡತಿ, "ಎಷ್ಟು ಸಲ ಒಳಗೆ ಹೊರಗೆ ಓಡಾಡ್ತೀರಿ? ಕಾರಿನ ನವೀಕರಣಕ್ಕೆ ಇವತ್ತೇ ಕೊನೇ ದಿನ ಅಂತ ನೀವೇ ಹೇಳಿದ್ದು. ನಾಲ್ಕಕ್ಕೆ ಕೌಂಟರ್ ಮುಚ್ತಾರೆ," ಅಂದಳು. ಅವಳ ದನಿಯಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ಮೂರು ವಾರದಿಂದ ಅವನು ಹೆದರುತ್ತಿದ್ದುದು ಈ ಅನುಮಾನವಿಲ್ಲದ ದನಿಗೇ. ಬೈದಿದ್ದರೆ, ಕೆಣಕಿದ್ದರೆ, ಏನಾದರೊಂದು ಉತ್ತರ ಹೊಳೆಯುತ್ತಿತ್ತು. ಬಾಗಿಲು ದಾಟುವಾಗ ಅವಳು ಕೈ ಒರೆಸಿಕೊಳ್ಳುತ್ತ ಬಂದು, "ಮೇಸ್ತ್ರಿನ ಕೇಳಿ. ದೋಷ ಏನು ಅಂತ ಸಿಕ್ತಾ ಅಂತ. ಸಿಕ್ಕಿದ್ರೆ ನಂಗೆ ಬಂದು ಹೇಳಿ. ಆಗೋದು ಆಗಿಹೋಯ್ತು, ಆದ್ರೂ ಗೊತ್ತಾಗ್ಬೇಕು," ಅಂದಳು. ಅವನು ತಲೆಯಾಡಿಸಿದ. ಪುಸ್ತಕದ ಮೂಲೆ ಹೊಕ್ಕುಳ ಪಕ್ಕಕ್ಕೆ ಚುಚ್ಚಿತು.

ಬಸ್ಸಿನಲ್ಲಿ ನಿಲ್ಲಲು ಮಾತ್ರ ಜಾಗವಿತ್ತು. ಬ್ರೇಕು ಬಿದ್ದಾಗ ಮುಂದಿದ್ದ ಹೆಂಗಸಿನ ಮೊಣಕೈ ಅವನ ಹೊಟ್ಟೆಗೆ ತಗುಲಿ ಟಪ್ಪೆಂದು ಸದ್ದಾಯಿತು. "ಏನ್ರೀ ಇದು, ಹಲಗೆ ಕಟ್ಕೊಂಡು ಬಂದಿದೀರಾ?" ಅಂದಳು ಆಕೆ. ಸುತ್ತಲಿನವರು ನಕ್ಕರು. ಅವನೂ ನಕ್ಕ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ಕೈ ತಾನಾಗಿಯೇ ಹೊಟ್ಟೆಗೆ ಹೋಯಿತು. ಅಂಗೈ ಅಗಲಕ್ಕಿಂತ ಸ್ವಲ್ಪ ದೊಡ್ಡದಾದ, ಹಸಿರು ರಟ್ಟಿನ, ಪುಟಕ್ಕೆ ಒಂಬತ್ತು ಸಾಲಿನಂತೆ ಐದು ಪುಟದ ಪುಸ್ತಕ. ಪ್ರತಿ ಪುಟಕ್ಕೂ ಅಂಕಿ, ಪ್ರತಿ ಅಂಕಿಯ ಮೇಲೂ ಮುದ್ರೆ. ಹರಿದರೆ ಗೊತ್ತಾಗುತ್ತದೆ, ತಿದ್ದಿದರೆ ಗೊತ್ತಾಗುತ್ತದೆ, ಕಳೆದುಹೋಯಿತೆಂದರೆ ಪೊಲೀಸು ದೂರಿನ ಪ್ರತಿ ಬೇಕು. ಮೂರು ರಾತ್ರಿ ಇದನ್ನೆಲ್ಲ ಒಂದೊಂದಾಗಿ ಯೋಚಿಸಿ ಮುಗಿಸಿದ್ದ. ತೂಕ ಅಳತೆ ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷ ಅಂಗಡಿ ಅಂಗಡಿ ತಿರುಗಿ ತಕ್ಕಡಿಗಳಿಗೆ ಮುದ್ರೆ ಒತ್ತಿದವನಿಗೆ ಮುದ್ರೆಯ ಮೇಲೆ ಭಕ್ತಿಯೇನೂ ಇರಲಿಲ್ಲ, ಭಯವಿತ್ತು. ಮುದ್ರೆಯಿಲ್ಲದ ತಕ್ಕಡಿ ಸಿಕ್ಕಾಗ ಅಂಗಡಿಯವನ ಮುಖ ಹೇಗಾಗುತ್ತದೆಂದು ಅವನು ಸಾವಿರ ಸಲ ಹತ್ತಿರದಿಂದ ಕಂಡಿದ್ದ. ಆ ಮುಖ ತನಗೆ ಬರಬಾರದು ಎಂಬುದೊಂದೇ ಅವನ ಬಾಳಿನ ಸಿದ್ಧಾಂತ.

ಕಾರು ಮಾವನದು. ಕೆನೆಬಣ್ಣದ್ದು, ಮುಂದೆ ಎರಡು ದುಂಡು ದೀಪ, ನಲವತ್ತು ವರ್ಷ ಮಾವನ ಕೈಯಲ್ಲೇ ಓಡಿದ್ದು. ಕಣ್ಣು ಮಂಜಾದಾಗ ಅಳಿಯನ ಹೆಸರಿಗೆ ಬರೆದುಕೊಟ್ಟರು. ಅಷ್ಟು ಹಳೆಯ ಗಾಡಿಯನ್ನು ಹೆಸರಿಗೆ ಮಾಡಿಸಿಕೊಳ್ಳಲು ಎರಡು ದಾರಿ ಅಂದರು ನೋಂದಣಿ ಕಚೇರಿಯಲ್ಲಿ. ಒಂದು, ಪೂರ್ತಿ ನೋಂದಣಿ. ರಸ್ತೆ ತೆರಿಗೆ, ಹೊಗೆ ತಪಾಸಣೆ, ವಿಮೆ ಎಲ್ಲ ಸೇರಿ ಅವನ ಐದು ತಿಂಗಳ ಸಂಬಳ. ಇನ್ನೊಂದು, ಹಳೆಗಾಡಿ ವರ್ಗ. ಖರ್ಚು ಹತ್ತರಲ್ಲೊಂದು ಪಾಲು, ಆದರೆ ಗಾಡಿ ಕಾರ್ಖಾನೆಯಿಂದ ಬಂದ ರೂಪದಲ್ಲೇ ಇರಬೇಕು, ಕೆಲಸಕ್ಕೋ ಬಾಡಿಗೆಗೋ ಓಡಿಸಕೂಡದು, ವರ್ಷಕ್ಕೆ ನಲವತ್ತೈದೇ ದಿನ ರಸ್ತೆಗಿಳಿಯಬಹುದು. ಆ ಒಂದೊಂದು ದಿನವೂ ಚಕ್ರ ಉರುಳುವ ಮುಂಚೆ ಲಾಗ್‌ಬುಕ್ಕಿನಲ್ಲಿ ಒಂದು ಸಾಲು ಶಾಯಿಯಲ್ಲಿ ತುಂಬಬೇಕು: ತಾರೀಖು, ಹೊರಟ ಗಂಟೆ, ಎಲ್ಲಿಗೆ, ಉದ್ದೇಶ, ರುಜು. ವರ್ಷ ಮುಗಿಯುವುದರೊಳಗೆ ಮಾನ್ಯತೆ ಪಡೆದ ಮೇಸ್ತ್ರಿಯ ಫಿಟ್‌ನೆಸ್ ಪತ್ರ ಕೊಟ್ಟು ನವೀಕರಿಸಿ ಹೊಸ ಪುಸ್ತಕ ಪಡೆಯಬೇಕು. ಸಾಲಿಲ್ಲದೆ ಸಿಕ್ಕಿಬಿದ್ದರೆ ಆ ವರ್ಗದಿಂದ ಶಾಶ್ವತವಾಗಿ ಹೊರಗೆ, ಹಿಂದಿನದೆಲ್ಲ ದಂಡ ಸಮೇತ ವಸೂಲಿ, ಸರ್ಕಾರಿ ನೌಕರನಾದರೆ ಅವನ ಇಲಾಖೆಗೊಂದು ಪತ್ರ. ಮಾವ ಅಂದಿದ್ದರು: "ಪೂರ್ತಿ ನೋಂದಣಿ ಮಾಡ್ಸಿ ಅಳಿಯಂದಿರೇ. ಗಾಡಿ ಇರೋದು ಓಡೋಕೆ. ಅತಿ ಆಸೆ ಗತಿಗೇಡು." ಅವನು ಹತ್ತರಲ್ಲೊಂದರ ದಾರಿ ಹಿಡಿದ. ಎಷ್ಟು ಉಳಿಯಿತೆಂದು ಕಚೇರಿಯಲ್ಲಿ ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗಿದ.

ನಲವತ್ತೈದನೆಯ ಸಾಲು ಖರ್ಚಾಗಿದ್ದು ಮೇಲಧಿಕಾರಿಯ ನಿವೃತ್ತಿಯ ದಿನ. ಅವರನ್ನು ಕಚೇರಿಯಿಂದ ಮನೆಗೆ ಇದೇ ಕಾರಿನಲ್ಲಿ ಮೆರವಣಿಗೆಯ ಹಾಗೆ ಕರೆದೊಯ್ಯುತ್ತೇನೆಂದು ತಾನೇ ಮುಂದಾಗಿ ಹೇಳಿದ್ದ. ಅವರ ಹೆಂಡತಿ ಸೀಟಿನ ಮೇಲೆ ಕೂತು, "ಏನೋ ಚುಚ್ಚುತ್ತೆ," ಎಂದು ಎದ್ದರು. ದಂಪತಿಗಳು ಬೇರೆ ಯಾರದೋ ಹೊಸ ಕಾರು ಹತ್ತಿ ಹೋದರು. ಇವನು ಹೂವು ಕಟ್ಟಿದ ಖಾಲಿ ಕಾರನ್ನು ಅವರ ಹಿಂದೆ ಅವರ ಮನೆಯ ತನಕ ಓಡಿಸಿದ, ಯಾಕೆಂದು ಅವನಿಗೂ ಗೊತ್ತಿರಲಿಲ್ಲ. ವರ್ಷ ಮುಗಿಯಲು ಇನ್ನೂ ಮೂವತ್ತಮೂರು ದಿನವಿತ್ತು. ಮಾರನೆಯ ದಿನ ಮಾವ, "ಒಂದು ಸುತ್ತು ಹೋಗಿ ಬರೋಣ್ವಾ?" ಅಂದಾಗ, "ಸಾಲಿಲ್ಲ ಮಾವ," ಅಂದ. ಮಾವ ಹೊಟ್ಟೆ ಕುಲುಕಿಸಿ ನಕ್ಕರು. "ಪೆಟ್ರೋಲ್ ಇಲ್ಲ ಅನ್ನೋದು ಕೇಳಿದ್ದೆ. ಗಾಡೀಲಿ ಸಾಲಿಲ್ಲ ಅನ್ನೋದು ಇವತ್ತೇ ಕೇಳಿದ್ದು." ಅದಾದ ಹನ್ನೆರಡನೆಯ ದಿನ ಬೆಳಿಗ್ಗೆ ಆರೂವರೆಗೆ ಮಾವ ಎದೆಯ ಮೇಲೆ ಅಂಗೈ ಇಟ್ಟುಕೊಂಡು, ತಾವೇ ನಡೆದು ಬಂದು, ತಾವೇ ಬಾಗಿಲು ತೆಗೆದು ಆ ಕಾರಿನ ಮುಂದಿನ ಸೀಟಿನಲ್ಲಿ ಕೂತರು. ಇವನು ಸ್ಟೇರಿಂಗ್ ಹಿಡಿದು ಕೂತ. ಕೀ ಸಿಕ್ಕಿಸಿದ. ತಿರುಗಿಸಲಿಲ್ಲ. ಇಡೀ ಮೂರು ವಾರದ ಸತ್ಯವೆಂದರೆ ಇಷ್ಟೇ, ಕೀ ತಿರುಗಿಸಲಿಲ್ಲ. ಆಂಬುಲೆನ್ಸು ಬರಲು ನಲವತ್ತು ನಿಮಿಷವಾಯಿತು. ಮಾವ ದಾರಿಯಲ್ಲೇ ಹೋದರು.

ಮೇಸ್ತ್ರಿಯ ಶೆಡ್ಡಿನ ಮುಂದೆ ಬಸ್ಸಿಳಿದ. ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ, ಗೋಡೆಗೆ ಮೊಳೆ ಹೊಡೆದು ಗಾತ್ರದ ಪ್ರಕಾರ ತೂಗುಹಾಕಿದ ಸ್ಪಾನರುಗಳು. ಮೊದಲು ಇಲ್ಲಿ ಯಾವಾಗಲೂ ಮೂರು ನಾಲ್ಕು ಗಾಡಿ ಬಾಯ್ದೆರೆದು ನಿಂತಿರುತ್ತಿದ್ದವು. ಇವತ್ತು ಕೆನೆಬಣ್ಣದ್ದು ಒಂದೇ. ಅದರ ಪಕ್ಕ ಹಳೆಯ ಪೇಪರ್ ಹಾಸಿ ಕಾರ್ಬ್ಯುರೇಟರಿನ ಚಿಕ್ಕ ಚಿಕ್ಕ ತುಂಡುಗಳನ್ನು ಬಿಚ್ಚಿದ ಕ್ರಮದಲ್ಲೇ ಜೋಡಿಸಿಟ್ಟು, ಮೇಸ್ತ್ರಿ ಒಂದು ಹಿತ್ತಾಳೆಯ ಮೊಳೆಯಂಥದ್ದನ್ನು ಬೆಳಕಿಗೆ ಹಿಡಿದು ಅದರ ತೂತಿನಲ್ಲಿ ಕಣ್ಣಿಟ್ಟು ನೋಡುತ್ತಿದ್ದ. ಅರವತ್ತರ ಆಸುಪಾಸಿನ ಮನುಷ್ಯ. ಮಾವನ ಕಾರಿಗೆ ಮೂವತ್ತು ವರ್ಷದಿಂದ ಅವನೊಬ್ಬನದೇ ಕೈ. "ಬನ್ನಿ ಸಾರ್," ಎಂದು ಸ್ಟೂಲು ಒರೆಸಿ ಕೊಟ್ಟ. ಒರೆಸಿದ ಬಟ್ಟೆ ಸ್ಟೂಲಿಗಿಂತ ಕೊಳೆಯಾಗಿತ್ತು. ಇನ್ನೊಂದು ದಿನವಾಗಿದ್ದರೆ ಅವನು ನಿಂತೇ ಮಾತಾಡುತ್ತಿದ್ದ, ಇವತ್ತು ಕೂತ.

ಗೋಡೆಯ ಮೇಲೆ ಸೀಮೆಸುಣ್ಣದ ಗೆರೆಗಳಿದ್ದವು. ಅವನು ನೋಡುತ್ತಿರುವುದನ್ನು ಕಂಡು ಮೇಸ್ತ್ರಿ ಅಂದ: "ಹದಿನೆಂಟು ಸಾರ್. ಗಾಡಿ ಟ್ರೈಲರಲ್ಲಿ ಇಲ್ಲಿಗೆ ಬಂದಾಗಿಂದ ದಿನಾ ಬೆಳಿಗ್ಗೆ ಆರೂವರೆಗೆ ಬಂದು ಸ್ಟಾರ್ಟ್ ಮಾಡ್ತೀನಿ. ಅದೇ ಹೊತ್ತು, ಅದೇ ಚಳಿ. ಹದಿನೆಂಟು ದಿನದಲ್ಲಿ ಒಂದ್ಸಲಾನೂ ಕೈ ಕೊಡ್ಲಿಲ್ಲ. ಕೀ ಮುಟ್ಟಿದ್ರೆ ಸಾಕು, ಹೊತ್ಕೊಳುತ್ತೆ." ಗೆರೆಗಳತ್ತ ತಿರುಗಿ ನೋಡಿದ. "ಕೈ ಕೊಟ್ಟಿದ್ರೆ ಚೆನ್ನಾಗಿರ್ತಿತ್ತು. ರೋಗ ಯಾವ್ದು ಅಂತ ಗೊತ್ತಾಗ್ತಿತ್ತು. ಹೀಗೆ ಅಡಗಿ ಕೂತಿರೋ ರೋಗ ಇದೆಯಲ್ಲ, ಅದಕ್ಕೆ ನಂಗೆ ಭಯ. ಬೇರೆ ಗಾಡಿ ಮುಟ್ಟೋಕೆ ಕೈ ಬರ್ತಿಲ್ಲ ಸಾರ್. ಬಂದೋರನ್ನೆಲ್ಲ ವಾಪಸ್ ಕಳಿಸ್ತಿದೀನಿ."

ಮಾವ ಹೋದ ಮಾರನೆಯ ದಿನ ಈ ಮೇಸ್ತ್ರಿಯೇ ಮನೆಗೆ ಬಂದು, ಮನೆ ತುಂಬ ಜನ ಕೂತಿರುವಾಗ ಹೊರಗೆ ಕಾರಿನಲ್ಲಿ ಕೂತು ಕೀ ತಿರುಗಿಸಿದ್ದ. ಮೊದಲ ಸಲಕ್ಕೇ ಎಂಜಿನು ಎದ್ದಿತು. ಆ ಶಬ್ದಕ್ಕೆ ಹೆಂಡತಿ ಒಳಗಿನಿಂದ ಓಡಿಬಂದಳು. "ನಿನ್ನೆ ಕೈ ಕೊಟ್ಟಿದ್ದು ಇವತ್ತು ಹೇಗೆ ಸ್ಟಾರ್ಟ್ ಆಯ್ತು? ಅದಕ್ಕೆ ನಾಲ್ಕು ದಿನ ಮುಂಚೆ ನೀವೇ ಇಲ್ಲಿಗೆ ಬಂದು ಬಿಚ್ಚಿ ಕಟ್ಟಿ ಹೋದ್ರಿ. ನಿಮ್ಮ ಕೈ ನಂಬಿ ನಮ್ಮಪ್ಪ ಹೋದ್ರು," ಅಂದಳು, ಇಪ್ಪತ್ತು ಜನರ ಎದುರಿಗೆ. ಮೇಸ್ತ್ರಿ ತನ್ನ ಕೈಗಳನ್ನೇ ನೋಡಿಕೊಂಡ. ಕಾರಿನಿಂದ ಆರು ಹೆಜ್ಜೆ ದೂರದಲ್ಲಿ ಇವನು ನಿಂತಿದ್ದ, ಬಾಯಿಗೆ ಬೀಗ ಹಾಕಿಕೊಂಡು. ಆಗ ಹೇಳಬಹುದಿತ್ತು. ಜನ ಹೋದ ಮೇಲೆ ಹೇಳಬಹುದು ಅಂದುಕೊಂಡ. ಜನ ಹೋದ ಮೇಲೆ, ಅವಳು ಸ್ವಲ್ಪ ಸುಧಾರಿಸಿಕೊಳ್ಳಲಿ ಅಂದುಕೊಂಡ. ಈಗ ಅವಳು ಸುಧಾರಿಸಿಕೊಂಡಿದ್ದಳು.

"ಒಂದು ಮಾತು ಸಾರ್," ಅಂದ ಮೇಸ್ತ್ರಿ, ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು. "ಬೇಜಾರು ಮಾಡ್ಕೋಬೇಡಿ, ನಾಲ್ಕನೇ ಸಲ ಕೇಳ್ತಿದೀನಿ. ಆವತ್ತು ನೀವು ಕೀ ತಿರುಗಿಸಿದಾಗ ಯಾವ ಥರ ಶಬ್ದ ಬಂತು? ಮೊದ್ಲು ಕಟ ಕಟ ಅಂದ್ರಿ. ನಾನು ಬ್ಯಾಟ್ರಿ, ಸ್ಟಾರ್ಟರ್ ಎಲ್ಲ ಬಿಚ್ಚಿದೆ. ಆಮೇಲೆ ಗರ ಗರ ಅಂದ್ರಿ. ಪೆಟ್ರೋಲ್ ಪಂಪಿಂದ ಹಿಡಿದು ಟ್ಯಾಂಕ್ ತನಕ ತೊಳೆದೆ. ಹೋದ ವಾರ ಎರಡೂ ಅಂದ್ರಿ." ಅವನ ಕಣ್ಣುಗಳು ಕೆಂಪಾಗಿದ್ದವು, ನಿದ್ದೆಗೆಟ್ಟು. "ನೆನಪು ಮಾಡ್ಕೊಂಡು ಹೇಳಿ. ನಿಮ್ಮ ಒಂದು ಮಾತಿನ ಮೇಲೆ ನಿಂತಿದೆ." ಅಂಗಿಯೊಳಗೆ ಪುಸ್ತಕ ಬೆವರಿಗೆ ಅಂಟಿಕೊಂಡಿತ್ತು. "ಶಬ್ದ ಬರಲಿಲ್ಲ," ಅಂದ. ಮೂರು ವಾರದಲ್ಲಿ ಈ ವಿಷಯವಾಗಿ ಅವನು ಆಡಿದ ಮೊದಲ ನಿಜ ಅದು. ಮೇಸ್ತ್ರಿ ಕತ್ತು ಓರೆ ಮಾಡಿದ. "ಶಬ್ದಾನೇ ಬರಲಿಲ್ವಾ?"

"ನೀವು ಫಿಟ್‌ನೆಸ್ ಪತ್ರ ಬರೆದುಕೊಡಿ ಮೇಸ್ತ್ರಿ, ನಂಗೆ ಹೊತ್ತಾಯ್ತು," ಅಂದ ಅವನು. ಮೇಸ್ತ್ರಿ ಎದ್ದು, ಕಪಾಟಿನಿಂದ ಮುದ್ರಿತ ಹಾಳೆ ತಂದ. ಬರೆದೇ ಇಟ್ಟಿದ್ದ. ದೋಷಗಳು ಎಂಬ ಕಲಮಿನಲ್ಲಿ ಗುಂಡು ಗುಂಡು ಅಕ್ಷರದಲ್ಲಿತ್ತು: ಎಂಜಿನ್ ಒಂದು ಬೆಳಿಗ್ಗೆ ಚಾಲೂ ಆಗಲಿಲ್ಲ. ನಾಲ್ಕು ದಿನ ಮುಂಚೆ ಬಿಚ್ಚಿ ಜೋಡಿಸಿದವನು ನಾನೇ. ಕಾರಣ ಪತ್ತೆ ಆಗಿಲ್ಲ. ಅವನು ಅದನ್ನು ಎರಡು ಸಲ ಓದಿದ. "ಹೀಗೆ ಬರೆದ್ರೆ ಮಾನ್ಯತೆ ಪಡೆದ ಮೇಸ್ತ್ರಿಗಳ ಪಟ್ಟಿಯಿಂದ ನಿಮ್ಮ ಹೆಸರು ತೆಗೆದು ಹಾಕ್ತಾರೆ," ಅಂದ. "ತೆಗೀಲಿ ಸಾರ್. ಒಬ್ಬ ಮನುಷ್ಯನ ಜೀವ ಹೋಗಿದೆ. ಸುಳ್ಳು ಬರೆಯೋಕಾಗುತ್ತಾ?" ಹಾಳೆಯನ್ನು ವಾಪಸ್ ತೆಗೆದುಕೊಂಡು ಬೆರಳಿಟ್ಟು ತೋರಿಸಿದ. "ಏಳನೇ ಕಲಮು ಒಂದು ಬಾಕಿ ಇದೆ. ಲಾಗ್‌ಬುಕ್ ನೋಡಿ ಬಳಸಿದ ಸಾಲೆಷ್ಟು, ಉಳಿದಿದ್ದೆಷ್ಟು ಅಂತ ನಾನೇ ಬರೀಬೇಕು. ಅದು ಗಾಡೀಲಿ ಇರೋ ಪುಸ್ತಕ, ಈ ಸಲ ಗಾಡೀಲಿ ಇಲ್ಲ. ಮನೇಲಿದೆ ಅಂದಿದ್ರಿ. ತಂದಿದೀರಾ? ಆವತ್ತಿಗೆ ಮುಂಚೆ ಗಾಡಿ ಎಷ್ಟು ದಿನ ನಿಂತಿತ್ತು ಅಂತಾನೂ ಗೊತ್ತಾಗುತ್ತೆ. ನಿಂತ ಗಾಡೀಲಿ ಪೆಟ್ರೋಲ್ ಆರಿಹೋಗುತ್ತೆ ಸಾರ್. ಅದೇ ಇದ್ರೂ ಇರಬಹುದು."

ಆ ಮಾತಿನಲ್ಲಿ ಮೇಸ್ತ್ರಿಗೆ ಹುಟ್ಟಿದ ಚೂರು ಆಸೆ ಅವನಿಗೆ ಕಂಡಿತು. ಮರೆತು ಬಂದೆ ಅನ್ನಬಹುದಿತ್ತು. ಆ ಕಲಮು ನಾನೇ ತುಂಬಿಕೊಳ್ಳುತ್ತೇನೆ ಅನ್ನಬಹುದಿತ್ತು, ಬಸ್ಸಿನಲ್ಲಿ ಅದನ್ನೇ ಬಾಯಿಪಾಠ ಮಾಡಿದ್ದ. ಬದಲಿಗೆ ಅವನ ಕೈ ಬೆಲ್ಟಿಗೆ ಹೋಯಿತು. ಬೆಲ್ಟು ಸಡಿಲಿಸಿ, ಅಂಗಿ ಮೇಲೆತ್ತಿ, ವೈದ್ಯರ ಮುಂದೆ ಹೊಟ್ಟೆ ತೋರಿಸುವವನ ಹಾಗೆ ನಿಂತು, ಪುಸ್ತಕವನ್ನು ಹೊರಗೆಳೆದ. ರಟ್ಟಿನ ಹಸಿರು ಬನಿಯನ್ನಿಗೆ ಹತ್ತಿಕೊಂಡಿತ್ತು. ಅದನ್ನು ಅಲ್ಲಿ ಯಾಕಿಟ್ಟುಕೊಂಡಿದ್ದಿರಿ ಎಂದು ಮೇಸ್ತ್ರಿ ಕೇಳಲಿಲ್ಲ. ಬಟ್ಟೆಯಲ್ಲಿ ಎರಡು ಸಲ ಕೈ ಒರೆಸಿಕೊಂಡು ಅದನ್ನು ತೆಗೆದುಕೊಂಡ.

ಮೇಸ್ತ್ರಿ ಓದುವುದು ನಿಧಾನ. ಕೊನೆಯ ಪುಟಕ್ಕೆ ನೇರ ಹೋಗದೆ ಮೊದಲ ಸಾಲಿನಿಂದ ಬೆರಳಿಟ್ಟುಕೊಂಡು ಬಂದ. ಮೂವತ್ತೊಂದನೆಯ ಸಾಲಿನಲ್ಲಿ ತಡೆದ. "ಆಸ್ಪತ್ರೆ, ಮಾವನ ಎದೆನೋವು. ಗ್ಯಾಸು." ಮೂವತ್ತೆಂಟರಲ್ಲಿ ಮತ್ತೆ ತಡೆದ. ಅದೇ ಆಸ್ಪತ್ರೆ, ಅದೇ ಗ್ಯಾಸು. ನಲವತ್ತೈದಕ್ಕೆ ಬಂದು ತಾರೀಖು ನೋಡಿದ. ಗೋಡೆಯ ಕ್ಯಾಲೆಂಡರ್ ನೋಡಿದ. ಮತ್ತೆ ಪುಸ್ತಕ ನೋಡಿದ. ಅದರ ಕೆಳಗೆ ಸಾಲಿರಲಿಲ್ಲ. ಹೊರಗೆ ಯಾರೋ ತಳ್ಳುಗಾಡಿ ಉರುಳಿಸಿಕೊಂಡು ಹೋದರು, ಅದರ ಒಂದು ಚಕ್ರ ಕಿರುಗುಡುವುದು ದೂರದವರೆಗೂ ಕೇಳಿಸಿತು. ಮೇಸ್ತ್ರಿ ಪುಸ್ತಕವನ್ನು ತಿರುವಿ ಹಿಂದಿನ ರಟ್ಟಿನ ಮೇಲಿನ ಸಣ್ಣ ಅಕ್ಷರಗಳನ್ನು ಕಣ್ಣಿನ ಹತ್ತಿರ ಹಿಡಿದು ಓದಿದ. ಓದಿ ಮುಗಿಸಿ, ಮುಖ ನೋಡದೆ, ತುಂಬ ಮೆಲ್ಲಗೆ ಅಂದ: "ಹನ್ನೊಂದನೇ ನಿಯಮದಲ್ಲಿ ಇದೆಯಲ್ಲ ಸಾರ್. ಪ್ರಾಣಾಪಾಯ ಇದ್ರೆ ಸಾಲಿಲ್ಲದೇನೂ ಗಾಡಿ ತೆಗೀಬಹುದು ಅಂತ. ನೀವು ಇದನ್ನ ಓದಿರ್ಲಿಲ್ವಾ?"

ಓದಿರಲಿಲ್ಲ ಅಂದರೆ ಸಾಕಿತ್ತು. ಮೇಸ್ತ್ರಿ ಆ ಬಾಗಿಲನ್ನು ಬೇಕೆಂದೇ ತೆರೆದು ಹಿಡಿದಿದ್ದ. ನೋಡದೆ ಮಾಡಿದ ತಪ್ಪು, ಗೊತ್ತಿಲ್ಲದೆ ಆದ ಅನಾಹುತ, ಯಾರಿಗೂ ಆಗಬಹುದು. ಆದರೆ ಅವನು ಓದಿದ್ದ. ನಿಯಮದ ಪುಸ್ತಕ ಕೈಗೆ ಬಂದರೆ ಹಿಂದಿನ ರಟ್ಟಿನಿಂದಲೇ ಓದಲು ಶುರುಮಾಡುವ ಜಾತಿ ಅವನದು. ಆ ಬೆಳಿಗ್ಗೆ ಕೀ ಸಿಕ್ಕಿಸಿದ ಗಳಿಗೆಯಲ್ಲಿ ಹನ್ನೊಂದನೆಯ ನಿಯಮ ಅಕ್ಷರಶಃ ಕಣ್ಣ ಮುಂದೆ ಬಂದಿತ್ತು, ಅದರ ಎರಡನೆಯ ವಾಕ್ಯದ ಸಮೇತ: ಏಳು ದಿನದೊಳಗೆ ವೈದ್ಯರ ಪತ್ರ ಹಾಜರುಪಡಿಸತಕ್ಕದ್ದು. ಎರಡು ಸಲವೂ ವೈದ್ಯರು ನಕ್ಕು ಒಂದು ಸಿರಪ್ಪು ಕೊಟ್ಟು ಕಳಿಸಿದ್ದರು. ಈ ಸಲವೂ ಗ್ಯಾಸೇ ಆದರೆ? ಪತ್ರ ಯಾರು ಕೊಡುತ್ತಾರೆ? ಗಾಡಿ ಗೇಟು ದಾಟಬೇಕಾದರೆ ಮಾವನ ನೋವು ನಿಜವಾದದ್ದೆಂದು ಅವನಿಗೆ ಖಾತ್ರಿಯಾಗಬೇಕಿತ್ತು. ಪಕ್ಕಕ್ಕೆ ತಿರುಗಿ ಮಾವನ ಮುಖ ನೋಡಿದ. ಬೆವರಿದೆಯೇ, ತುಟಿ ಬೆಳ್ಳಗಾಗಿದೆಯೇ ಎಂದು, ಅಂಗಡಿಯವನ ತೂಕದ ಕಲ್ಲನ್ನು ಕೈಯಲ್ಲಿ ತೂಗಿ ನೋಡುವ ಹಾಗೆ ನೋಡಿದ. ಮಾವನೂ ಅವನನ್ನು ನೋಡಿದರು. ಅವನ ಕೈಯಲ್ಲಿದ್ದ ಕೀಯನ್ನು ನೋಡಿದರು, ಮುಂದೆ ಗಾಜಿನ ಬುಡದಲ್ಲಿದ್ದ ಹಸಿರು ಪುಸ್ತಕವನ್ನು ನೋಡಿದರು. ಸಾಲಿಲ್ಲವೆಂದು ಅವರಿಗೆ ಗೊತ್ತಿತ್ತು. ಅಷ್ಟರಲ್ಲಿ ಹೆಂಡತಿ ಚೀಲ ಹಿಡಿದು ಓಡಿಬಂದು, "ಏನಾಯ್ತು, ಯಾಕೆ ಹೊರಡ್ಲಿಲ್ಲ?" ಅಂದಾಗ ಇವನು ಕೀಯನ್ನೇ ನೋಡುತ್ತಿದ್ದ. ಮಾವ ಉಸಿರು ಹಿಡಿದು ಹಿಡಿದು ಅಂದರು: "ಸ್ಟಾರ್ಟ್ ಆಗ್ತಿಲ್ಲ ಕಣಮ್ಮ. ಅದಕ್ಕೂ ವಯಸ್ಸಾಯ್ತು. ಬಿಡು, ಗ್ಯಾಸಿರ್ಬೇಕು." ಆ ಸುಳ್ಳು ಹುಟ್ಟಿದ್ದು ಅವನ ಬಾಯಲ್ಲಲ್ಲ. ಅಳಿಯನ ಮಾನ ಉಳಿಸಲು ಮಾವ ಆಡಿದ ಮಾತು ಅದು, ಹೆಚ್ಚುಕಡಿಮೆ ಅವರು ಆಡಿದ ಕೊನೆಯ ಮಾತು. ಇವನು ಅದನ್ನು ತೊಡೆಯದೆ ಸಾಕಿಕೊಂಡು ಬಂದ, ಅಷ್ಟೇ.

"ಓದಿದ್ದೆ," ಅಂದ ಅವನು.

ಮೇಸ್ತ್ರಿ ಬೈಯಬಹುದೆಂದೂ, ಕೈಯೆತ್ತಬಹುದೆಂದೂ ಅವನು ಹೆದರಿ ಕೂತಿದ್ದ. ಮೇಸ್ತ್ರಿ ಬಕೆಟ್ಟಿನಲ್ಲಿ ಬಟ್ಟೆ ಅದ್ದಿ ಹಿಂಡಿ, ಗೋಡೆಯ ಮೇಲಿನ ಗೆರೆಗಳನ್ನು ಒಂದೊಂದಾಗಿ ಒರೆಸಿದ. ಆಮೇಲೆ ಪೇಪರಿನ ಮುಂದೆ ಕೂತು ತುಂಡುಗಳನ್ನು ಜೋಡಿಸತೊಡಗಿದ. ಮುಕ್ಕಾಲು ಗಂಟೆ ಹಿಡಿಯಿತು. ಆ ಕೈ ಒಂದು ಸಲವೂ ತಡವರಿಸಲಿಲ್ಲ. ಎಲ್ಲ ಬಿಗಿದ ಮೇಲೆ ಹೊಸ ಹಾಳೆ ತಂದು ದೋಷಗಳು ಎಂಬ ಕಲಮಿನಲ್ಲಿ "ಇಲ್ಲ" ಎಂದೊಂದೇ ಪದ ಬರೆದ. ಏಳನೆಯ ಕಲಮಿನಲ್ಲಿ ಬಳಸಿದ್ದು ನಲವತ್ತೈದು, ಉಳಿದಿದ್ದು ಸೊನ್ನೆ ಎಂದು ಬರೆದು ರುಜು ಹಾಕಿದ. "ಅಮ್ಮಾವ್ರಿಗೆ ಗೊತ್ತಾ?" ಅಂದ. ಅವನು ತಲೆಯಾಡಿಸಿದ, ಇಲ್ಲವೆಂದು. "ನಾನು ಹೇಳಲ್ಲ ಸಾರ್. ಹೇಳಿದ್ರೂ ನನ್ನ ಮಾತು ಅವರು ಈಗ ನಂಬಲ್ಲ." ಪತ್ರ, ಪುಸ್ತಕ, ಕೀ ಮೂರನ್ನೂ ಅವನ ಕೈಗೆ ಕೊಟ್ಟ. "ಆಫೀಸು ಇಲ್ಲಿಂದ ಹತ್ತು ನಿಮಿಷ. ಟ್ರೈಲರ್ ಕರೆಸ್ಲಾ? ಸಾಲಿಲ್ವಲ್ಲ." ಆ ಮಾತಿನಲ್ಲಿ ಕುಟುಕಿರಲಿಲ್ಲ. ಮೇಸ್ತ್ರಿ ನಿಜವಾಗಿಯೇ ಕೇಳುತ್ತಿದ್ದ.

"ಬೇಡ," ಅಂದ. ಕೂತು ಕೀ ತಿರುಗಿಸಿದ. ಹೊತ್ತಿಕೊಂಡಿತು.

ರಸ್ತೆಗಿಳಿದ ಮೇಲೆ ಎದುರು ಬರುವ ಪ್ರತಿ ಗಾಡಿಯೂ ತನ್ನನ್ನೇ ನೋಡುತ್ತಿದೆ ಅನ್ನಿಸಿತು. ಸಾಲಿಲ್ಲ, ಸಾಲಿಲ್ಲದ ಮೇಲೆ ವಿಮೆಯೂ ಇಲ್ಲ, ಯಾರಾದರೂ ಅಡ್ಡ ಬಂದರೆ, ಬ್ರೇಕು ಹಿಡಿಯದಿದ್ದರೆ. ನಾಲ್ಕು ರಸ್ತೆ ಕೂಡುವಲ್ಲಿ ಪೊಲೀಸಿನವನು ಕೈಯೆತ್ತಿ ಅವನನ್ನೇ ನಿಲ್ಲಿಸಿದ. ಹತ್ತಿರ ಬಂದು ಕಿಟಕಿಗೆ ಬಗ್ಗಿದ. ಅಂಗಡಿಯವರ ಆ ಮುಖ ಈಗ ತನ್ನ ಮುಖದ ಮೇಲಿದೆಯೆಂದು ಕನ್ನಡಿ ನೋಡದೆಯೇ ಗೊತ್ತಾಯಿತು. "ಎಷ್ಟನೇ ಇಸವೀದು ಸಾರ್ ಗಾಡಿ?" ಅಂದ ಪೊಲೀಸಿನವನು. ಹೇಳಿದ. "ಚೆನ್ನಾಗಿ ಇಟ್ಕೊಂಡಿದೀರಿ. ನಮ್ಮ ಚಿಕ್ಕಪ್ಪನ ಹತ್ರ ಇಂಥದ್ದೇ ಇತ್ತು." ಬಾನೆಟ್ಟನ್ನು ಒಮ್ಮೆ ಸವರಿ, ಹೋಗಿ ಎಂದು ಕೈ ಬೀಸಿದ. ಇಷ್ಟೇನಾ ಎಂದು ಅವನಿಗೆ ಅಳು ಉಕ್ಕಿತು. ಅಂದು ಬೆಳಿಗ್ಗೆ ಆರೂವರೆಗೆ ಈ ರಸ್ತೆಯಲ್ಲಿ ಪೊಲೀಸಿನವನೂ ಇರುತ್ತಿರಲಿಲ್ಲ. ಬಲಕ್ಕೆ ತಿರುಗಿದರೆ ನೋಂದಣಿ ಕಚೇರಿ, ಗಡಿಯಾರದಲ್ಲಿ ಎರಡೂ ಕಾಲು. ಇವತ್ತು ತಪ್ಪಿದರೆ ಈ ಗಾಡಿ ಮತ್ತೆ ಆ ವರ್ಗಕ್ಕೆ ಸೇರುವುದಿಲ್ಲ. ಕಚೇರಿಗೆ ಹೋಗಿ ಬಂದರೆ, ಹೊಸ ಪುಸ್ತಕದಲ್ಲಿ ನಲವತ್ತೈದು ಖಾಲಿ ಸಾಲು ನೋಡಿದರೆ, ತಾನು ಮತ್ತೆ ಬಾಯಿ ಬಿಡುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ತನ್ನ ಬಗ್ಗೆ ಅವನಿಗೆ ಖಾತ್ರಿಯಿದ್ದ ಸಂಗತಿ ಅದೊಂದೇ. ಎಡಕ್ಕೆ ತಿರುಗಿಸಿದ.

ಕಾರಿನ ಶಬ್ದ ಕೇಳಿ ಹೆಂಡತಿ ಗೇಟಿಗೆ ಬಂದಳು. ಕೈ ಒದ್ದೆಯಿತ್ತು. ಅಪ್ಪ ಇದ್ದಾಗ ಈ ಶಬ್ದಕ್ಕೆ ಹೀಗೇ ಬಂದು ಗೇಟು ತೆಗೆಯುತ್ತಿದ್ದಳು. ಈಗಲೂ ಚಿಲಕ ತೆಗೆದಳು, ಆಮೇಲೆ ಗೇಟನ್ನು ಹಿಡಿದುಕೊಂಡು ಹಾಗೆಯೇ ನಿಂತಳು. "ಇಷ್ಟು ಬೇಗ ಆಯ್ತಾ ಆಫೀಸು?"

"ಹೋಗ್ಲಿಲ್ಲ."

ಅವಳು ಎಂಜಿನಿನ ಸದ್ದಿಗೆ ಕಿವಿಗೊಟ್ಟಳು. ಒಂದೇ ಸಮನೆ, ಎಲ್ಲೂ ತಡೆಯದೆ ನಡೆಯುತ್ತಿತ್ತು. "ಎಷ್ಟು ಚೆನ್ನಾಗಿ ಓಡ್ತಿದೆ," ಅಂದಳು. "ಹಾಗಾದ್ರೆ ದೋಷ ಸಿಕ್ತಾ?"

ಎಂಜಿನು ಆರಿಸಿದರೆ ಸದ್ದು ನಿಲ್ಲುತ್ತದೆ, ಆಮೇಲೆ ತನ್ನ ದನಿಯೊಂದೇ ಉಳಿಯುತ್ತದೆ ಎಂದು ಅವನು ಆರಿಸಲಿಲ್ಲ. ಕೊನೆಯ ಪುಟ ತೆರೆದು ಪುಸ್ತಕವನ್ನು ಕಿಟಕಿಯಿಂದ ಹೊರಗೆ ಚಾಚಿದ.

"ಸಿಕ್ತು," ಅಂದ.

ಅವಳು ಕೈ ಒರೆಸಿಕೊಂಡು ಅದನ್ನು ತೆಗೆದುಕೊಂಡಳು. ಅವನು ತೆರೆದುಕೊಟ್ಟ ಪುಟವನ್ನು ಮಗುಚಿ, ಮೇಸ್ತ್ರಿಯ ಹಾಗೆಯೇ, ಮೊದಲನೆಯ ಸಾಲಿನಿಂದ ಓದತೊಡಗಿದಳು.